ಗಡಿ ಹೂವಮ್ಮನ ಕರಿ ಹೇಂಟೆ

ನಮ್ಮ ಸೀಮೆಯಲ್ಲಿ ಬರೀ ಹೂವಮ್ಮ ಎಂದರೆ ಯಾವ ಹೂವಮ್ಮ ಎಂದು ಕೇಳುತ್ತಾರೆ. ಗಡಿ ಹೂವಮ್ಮ ಎಂದರೆ ಸಾಕು, ಸೊರಬದವರೂ ಶಿಕಾರಿಪುರದವರೂ ಕೈನೀಡಿ ದಾರಿ ತೋರಿಸುತ್ತಿದ್ದರು. ಆ ಹೆಸರು ಅವಳಿಗೆ ಬಂದದ್ದು ಒಂದು ಕೋಳಿಯಿಂದ.

ಅವಳು ಹುಟ್ಟಿದ್ದು ಶಿಕಾರಿಪುರ ತಾಲೂಕಿನ ಕುರಿ ಕಾಯುವ ಮನೆಯಲ್ಲಿ. ಸೇರಿದ್ದು ಗಡಿಯ ಈಚೆ, ಸೊರಬ ತಾಲೂಕಿನ ಬೆನಕಪ್ಪನ ಬೇಸಾಯದ ಮನೆಯನ್ನು. ತವರಿಗೂ ಗಂಡನೂರಿಗೂ ನಡುವೆ ಒಂದು ಗುಡ್ಡ, ಒಂದು ಹಳ್ಳ, ಅಷ್ಟೇ. ಆದರೆ ಗುಡ್ಡ ಇಳಿದರೆ ಮಾತಿನ ರಾಗ ಬೇರೆ, ದೇವರಿಗೆ ನಡೆದುಕೊಳ್ಳುವ ಬಗೆಯೂ ಬೇರೆ. ಬಂದ ಹೊಸದರಲ್ಲಿ ಅವಳು ಮಾತಾಡಿದರೆ ಹೆಂಗಸರು ಬಾಯಿಗೆ ಸೆರಗು ಮುಚ್ಚಿ ನಗುತ್ತಿದ್ದರು. ಮಕ್ಕಳೂ ಆಗಲಿಲ್ಲ. ಹಾಗಾಗಿ ಅವಳು ಮಾತಾಡುತ್ತಿದ್ದುದೆಲ್ಲ ಹಿತ್ತಲಿನ ಕೋಳಿಗಳ ಜೊತೆ. ಜುಟ್ಟಿನ ಹುಂಜಕ್ಕೆ ಪಟೇಲ ಎಂದು ಹೆಸರು, ಕುಂಟು ಹೇಂಟೆಗೆ ಗೌಡ್ತಿ ಎಂದು. ಕೂಗಿದರೆ ತೊಡೆಯ ಮೇಲೆ ಬಂದು ಕೂರುತ್ತಿದ್ದವು. ಕೊಯ್ಯುವ ಮಾತು ಎತ್ತುವ ಹಾಗಿರಲಿಲ್ಲ.

"ಹೂವಮ್ಮನ ಮನೇಲಿ ನೆಂಟರಿಗೆ ಬೇಳೆ ಸಾರು, ಕೋಳಿಗೆ ನೆಲ್ಲಕ್ಕಿ" ಎಂದು ಪಕ್ಕದ ಮನೆಯ ಲೋಕಮ್ಮ ಹಂಗಿಸುತ್ತಿದ್ದಳು. ಹಂಗಿಸಿದರೂ ಮೊಮ್ಮಗಳು ಜಗದಾಂಬಳನ್ನು ಕೋಳಿ ಆಡಿಸಲು ದಿನಾ ಆ ಹಿತ್ತಲಿಗೇ ಬಿಡುತ್ತಿದ್ದಳು.

ನಯಾಪೈಸೆ ಬಂದ ಹೊಸದು. ಶಿವರಾತ್ರಿ ಕಳೆದು ಗುಡವಿ ಕೆರೆಯ ಹಕ್ಕಿಗಳೂ ಖಾಲಿಯಾಗಿದ್ದವು. ಪಡುವಣ ಗಡಿಕಲ್ಲಿನ ಹತ್ತಿರ ಸೌದೆಗೆ ಹೋದ ಹೂವಮ್ಮನಿಗೆ ಲಕ್ಕಿ ಗಿಡದ ಬುಡದಲ್ಲಿ ಒಂದು ಕರಿ ಹೇಂಟೆ ಕಂಡಿತು. ಕಾಲಿಗೆ ಅರಿಶಿನದ ದಾರ. ಬಾಯಾರಿ ಕೊಕ್ಕು ತೆರೆದುಕೊಂಡಿತ್ತು. ಅವಳ ತವರಿನಲ್ಲಿ ದಾರ ಕಟ್ಟಿದ ಕೋಳಿ ಎಂದರೆ ದೇವರ ಹೆಸರಿಗೆ ಬಿಟ್ಟ ಹರಕೆಯ ಕೋಳಿ. ಅದಕ್ಕೆ ಕಾಳು ಹಾಕಿದರೆ ಪುಣ್ಯ. ಹೂವಮ್ಮ ಅದನ್ನು ಮಡಿಲಲ್ಲಿ ಕಟ್ಟಿಕೊಂಡು ಬಂದಳು. ದಾರ ಬಿಚ್ಚಿ ಬಿಸಾಡಿ ಗೂಡಿಗೆ ಬಿಟ್ಟಳು.

ಜಗದಾಂಬಳಿಗೆ ಆ ಕರಿಯದೇ ಹೆಚ್ಚು ಇಷ್ಟವಾಯಿತು. ಎತ್ತಿಕೊಂಡೇ ತಿರುಗುತ್ತಿದ್ದಳು. ವಾರ ಕಳೆಯುವಷ್ಟರಲ್ಲಿ ಗೌಡ್ತಿ ತೂಕಡಿಸಿ ಸತ್ತಿತು. ಮಾರನೆಯ ದಿನ ಪಟೇಲನೂ ಕತ್ತು ತಿರುಚಿಕೊಂಡು ಬಿದ್ದ. ಮಿಕ್ಕವೂ ಹಾಗೇ ಹೋದವು. ಆಮೇಲೆ ಹುಡುಗಿಯ ಮೈ ಕಾದ ಹೆಂಚಿನಂತಾಯಿತು.

ಲೋಕಮ್ಮ ಹಿತ್ತಲಿಗೆ ಬಂದು ನಿಂತಳು. ಉಳಿದದ್ದು ಕರಿ ಹೇಂಟೆ ಒಂದೇ, ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿದ್ದು, ನೆಲ ಕೆದಕುತ್ತಿತ್ತು.

"ಇದೆಲ್ಲಿಂದ ಬಂತೇ ಹೂವಿ?"

"ಗಡಿಕಲ್ಲಿನ ಹತ್ರ ಸಿಕ್ತಕ್ಕ. ಹರಕೇದು. ಕಾಲಿಗೆ ದಾರ ಇತ್ತು."

ಲೋಕಮ್ಮ ಎದೆ ಹಿಡಿದುಕೊಂಡು ಕಟ್ಟೆಯ ಮೇಲೆ ಕುಸಿದಳು. "ಅಯ್ಯೋ ನಿನ್ನ ಮನೆ ಹಾಳಾಗ! ಅದು ಹರಕೇದಲ್ಲ ಮಾರಾಯ್ತಿ. ಪಡುವಣೂರಲ್ಲಿ ಅಮ್ಮ ಎದ್ದಾಳೆ. ಕೋಳಿ ಮೇಲೆ ಕೂರಿಸಿ ನಮ್ಮ ಗಡಿಗೆ ಬಿಟ್ಟು ಹೋಗ್ಯಾರೆ. ಅದನ್ನ ನೋಡಿದ್ರೂ ನಾವು ಮಖ ತಿರುಗಿಸ್ಕಂಡು ಬರ್ತೀವಿ. ನೀನು ಮಡಿಲು ತುಂಬಿಸ್ಕಂಡು ಬಂದ್ಯಲ್ಲೇ!"

"ನಮ್ ಕಡೆ ಮಾರೀನ ದಾಟ್ಸೋದು ಕುರಿಮರಿ ಮ್ಯಾಲಕ್ಕ. ಕೋಳಿ ಅಂದ್ರೆ ನಂಗೆ ತಿಳೀಲಿಲ್ಲ."

"ತಿಳೀಲಿಲ್ಲ ಅಂದ್ರೆ ಅಮ್ಮ ಕೇಳ್ತಾಳಾ?"

ಅಮ್ಮ ಎಂದರೆ ಸಿಡುಬು. ಅದು ಹೊಕ್ಕ ಮನೆಗಳನ್ನು ಹೂವಮ್ಮ ಕಂಡವಳು; ಕಣ್ಣು ಕಳೆದುಕೊಂಡವರನ್ನೂ, ಬಾಳೆ ಎಲೆಯ ಮೇಲೆ ಮಲಗಿದ ಕೂಸುಗಳನ್ನೂ ಕಂಡವಳು. ಪಕ್ಕದ ಮನೆಯಿಂದ ಹುಡುಗಿಯ ನರಳಾಟ ಕೇಳಿದಾಗೆಲ್ಲ ಅವಳ ಕೈ ತಾನಾಗಿ ಮಡಿಲು ಕೊಡವುತ್ತಿತ್ತು.

ಸುದ್ದಿ ಊರ ಗೌಡ ಚೌಡಪ್ಪನಿಗೆ ಮುಟ್ಟಿತು. ಚೌಡಪ್ಪ ಕೆಟ್ಟವನಲ್ಲ, ಅವನೂ ಹೆದರಿದ್ದ. ಅಂಗಳಕ್ಕೆ ಕಾಲಿಡದೆ ಬೇಲಿಯಾಚೆಯೇ ನಿಂತು ಹೇಳಿದ: "ತಂದವಳೇ ದಾಟಿಸ್ಬೇಕು ತಾಯಿ. ಬಂದ ದಿಕ್ಕಿಗೆ ತಿರುಗಿಸೋ ಹಾಗಿಲ್ಲ. ಮೂಡಲಿಗೇ ಹೋಗ್ಬೇಕು."

ಅಂಗಳದಲ್ಲಿ ಕೂತಿದ್ದ ಗಂಡ ಬೆನಕಪ್ಪ ತಲೆಯೆತ್ತಿದ. "ಮೂಡಲಿಗೆ ಇವಳ ತವರೂರು ಗೌಡ್ರೆ. ಇವಳ ತಮ್ಮನ ಹೆಂಡ್ತಿ ಹಸಿ ಬಾಣಂತಿ."

"ಬಲ್ಲೆ ಕಣಪ್ಪ. ಮತ್ತೆ ಇಲ್ಲಿ ಜಗದಾಂಬಿ ಮಲಗ್ಯಾಳೆ. ಯಾರ ಕೂಸು ನಿಂಗೆ ಬ್ಯಾಡ ಹೇಳು."



ಹೂವಮ್ಮ ಮೊರಕ್ಕೆ ಬೇವಿನ ಸೊಪ್ಪು ಹಾಸಿದಳು, ಬಳೆ, ಅರಿಶಿನ, ಮೊಸರನ್ನ ಇಟ್ಟಳು. ಕರಿ ಹೇಂಟೆಯ ಕಾಲಿಗೆ ಹೊಸ ದಾರ ಕಟ್ಟಿದಳು. ಕಟ್ಟುವಾಗ ಅದು ರೂಢಿಯಂತೆ ಅವಳ ಕೈಬೆರಳನ್ನು ಮೆಲ್ಲಗೆ ಕುಕ್ಕಿತು. ಮಟಮಟ ಮಧ್ಯಾಹ್ನ ಊರೆಲ್ಲ ಬಾಗಿಲು ಹಾಕಿಕೊಂಡಿತು. ತಿರುಗಿ ನೋಡಬಾರದು, ಮಾತಾಡಬಾರದು. ಮೊರ ಹೊತ್ತು ಗುಡ್ಡ ಹತ್ತಿದಳು. ಹೇಂಟೆ ರೆಕ್ಕೆ ಬಡಿದಾಗೆಲ್ಲ ಮೊರವನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತಿದ್ದಳು.

ಗುಡ್ಡದ ಮೇಲೆ ಎರಡೂ ಊರಿನ ಗಡಿಕಲ್ಲುಗಳ ನಡುವೆ ಒಂದು ಖರಾಬು ಪಟ್ಟಿ ಇದೆ. ಬರೀ ಕಲ್ಲು ಮುಳ್ಳು. ನಮ್ಮದೆಂದು ಎರಡೂ ಊರಿನವರು ಹೇಳುವುದಿಲ್ಲ. ಅದನ್ನು ದಾಟಿ ಆಚೆ ಕಲ್ಲಿನ ಹತ್ತಿರ ಮೊರ ಇಳಿಸಿದರೆ ಕೆಲಸ ಮುಗಿಯಿತು. ಕಲ್ಲಿನ ಆಚೆ ಕುರಿಗಳು ಮೇಯುತ್ತಿದ್ದವು. ಕುರಿಗಳ ಹಿಂದೆ ಅವಳ ತಮ್ಮ ಉಜ್ಜಪ್ಪ.

"ಯಕ್ಕಾ! ಇಷ್ಟು ಬಿಸಿಲಾಗ ಏನು ಹೊತ್ಕಂಡು ಬಂದೆವ್ವಾ? ನಮ್ ಬಾಣಂತಿಗೆ ಬುತ್ತಿ ಏನು?" ಎಂದು ನಗುತ್ತ ಓಡಿ ಬಂದ.

"ಬರಬ್ಯಾಡ!" ಹೂವಮ್ಮ ಕಿರುಚಿದಳು. ಮಾತಾಡಬಾರದೆಂಬುದು ಮರೆತೇಹೋಯಿತು. "ಅಲ್ಲೇ ನಿಂದ್ರೋ ಉಜ್ಜಾ! ಇದು ಅಮ್ಮನ ಮೊರ ಐತಿ!"

ಉಜ್ಜಪ್ಪನ ನಗು ಮುಖದ ಮೇಲೆಯೇ ಸತ್ತಿತು. ಒಂದೊಂದೇ ಹೆಜ್ಜೆ ಹಿಂದೆ ಸರಿದ. ಎದೆ ಹಾಲು ಕುಡಿಯುವಾಗಿನಿಂದ ಸೊಂಟದ ಮೇಲೆ ಹೊತ್ತು ಬೆಳೆಸಿದ ತಮ್ಮ ತನ್ನನ್ನೇ ಕಂಡು ಹಿಂದೆ ಸರಿದದ್ದು ಅವಳ ಕರುಳು ಹಿಂಡಿತು. ಆದರೂ ಸರಿದನಲ್ಲ ಎಂದು ಒಳಗೇ ಕೈ ಮುಗಿದಳು.

"ಯಕ್ಕಾ, ಇಲ್ಲಿ ಇಳಿಸ್ಬ್ಯಾಡವ್ವಾ. ಕೂಸಿಗೆ ಇನ್ನೂ ತೊಟ್ಲು ಕಟ್ಟಿಲ್ಲ."

"ಇಳಿಸಂಗಿಲ್ಲ. ಹೋಗು ನೀನು, ಮನೀಗೆ ಹೋಗು."

ಮುಂದಿಡುವಂತಿಲ್ಲ, ಹಿಂದೆ ಒಯ್ಯುವಂತಿಲ್ಲ. ಹೂವಮ್ಮ ಖರಾಬಿನ ನಡುವೆ, ಮುಳ್ಳಿನ ನೆರಳಿನಲ್ಲಿ, ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಕೂತುಬಿಟ್ಟಳು. ಬರುವುದಿದ್ದರೆ ನನಗೆ ಬರಲಿ ತಾಯಿ, ಇತ್ತಲೂ ಬೇಡ ಅತ್ತಲೂ ಬೇಡ ಎಂದಳು.

ಸಂಜೆ ಬೆನಕಪ್ಪ ಹುಡುಕಿಕೊಂಡು ಬಂದ. ಬೈಯಲಿಲ್ಲ. ಕಂಬಳಿ ಹಾಸಿ, ಸೊಪ್ಪು ಕಡಿದು ಒಂದು ಗುಡಿಸಲು ಕಟ್ಟಿದ. "ಕೋಳಿ ಸಾರು ಅಂತೂ ನನ್ನ ಹಣೇಲಿಲ್ಲ" ಎಂದಷ್ಟೇ ಹೇಳಿದ. ಹೂವಮ್ಮ ನಗಲಿಲ್ಲ. ದಿನಾ ಬೆಳಗ್ಗೆ ಎದ್ದೊಡನೆ ತನ್ನ ತೋಳು ಮುಖ ಮುಟ್ಟಿ ನೋಡಿಕೊಳ್ಳುವಳು. ಆಮೇಲೆ ಗಂಡನೂರಿನ ದಾರಿ ನೋಡುವಳು, ಆಮೇಲೆ ಮೂಡಣ ತವರಿನದ್ದು. ದೂರದಲ್ಲಿ ಯಾರಾದರೂ ಬೇಗ ಬೇಗ ನಡೆದು ಬಂದರೆ ಎದ್ದು ನಿಲ್ಲುವಳು. ಹೇಂಟೆ ಮಾತ್ರ ದಾರ ಕಟ್ಟಿದ ಕಾಲಿನಲ್ಲೇ ಕೆದಕುತ್ತ, ಗುಡಿಸಲ ಮೂಲೆಯಲ್ಲಿ ಮೊಟ್ಟೆ ಇಟ್ಟು ಊರಿಗೆಲ್ಲ ಕೇಳುವಂತೆ ಕೊಕ್ಕೊಕ್ಕೋ ಎಂದು ಕೂಗುತ್ತಿತ್ತು.

ಕೊನೆಗೆ ಲೋಕಮ್ಮ ಬಂದಳು. ಏದುಸಿರು ಬಿಡುತ್ತಿದ್ದಳು. ಅವಳ ಮುಖ ನೋಡುವ ಧೈರ್ಯವಿಲ್ಲದೆ ಹೂವಮ್ಮ ಕಣ್ಣು ಮುಚ್ಚಿದಳು.

"ಏಳೇ. ಅಮ್ಮ ಅಲ್ಲ, ದಡಾರ. ಮೈಯೆಲ್ಲ ಕೆಂಪಾಗಿ ಇಳೀತು. ಬೆಳಗ್ಗೆ ಗಂಜಿ ಕುಡಿದಳು. ಕರಿ ಕೋಳಿ ಎಲ್ಲಿ ಅಂತ ರಚ್ಚೆ ಹಿಡಿದಾಳೆ."

ಹೂವಮ್ಮ ಏಳಲಿಲ್ಲ. ಮೂಡಣ ದಾರಿ ತೋರಿಸಿ, "ಅಲ್ಲಿ?" ಎಂದಳು. ಉಜ್ಜಪ್ಪ ಕಲ್ಲಿನಾಚೆ ಬಂದು ನಿಂತು, ಕೂಸಿಗೆ ತೊಟ್ಟಿಲು ಕಟ್ಟಿದೆವು, ನಿನ್ನ ಹೆಸರೇ ಇಟ್ಟೆವು ಎಂದು ಕೂಗಿ ಹೇಳಿದ ಮೇಲೆಯೇ ಅವಳು ಅತ್ತದ್ದು.

ಹೇಂಟೆಯನ್ನು ಊರೊಳಗೆ ತರಲು ಯಾರೂ ಒಪ್ಪಲಿಲ್ಲ, ಹೂವಮ್ಮನೂ ಒಪ್ಪಲಿಲ್ಲ. ಅದು ಖರಾಬಿನಲ್ಲೇ ಕಾವಿಗೆ ಕೂತಿತು, ಮರಿ ಮಾಡಿತು. ಹೂವಮ್ಮ ಹಗಲೆಲ್ಲ ಅಲ್ಲೇ ಇದ್ದುಕೊಂಡು ಗಡಿ ಹೂವಮ್ಮನಾದಳು. ಅವಳ ಕೋಳಿ ಕದಿಯುವ ಗಂಡಸು ಎರಡು ತಾಲೂಕಿನಲ್ಲೂ ಹುಟ್ಟಿರಲಿಲ್ಲ. ನಾಯಿ, ನರಿ, ಹದ್ದು ಬಿಟ್ಟರೆ ಅವಕ್ಕೆ ವೈರಿಯೇ ಇರಲಿಲ್ಲ. ಜಗದಾಂಬ ದೊಡ್ಡವಳಾಗಿ, "ಚಿಗವ್ವಾ, ಅದು ದಡಾರ, ಕೋಳಿಯಿಂದ ಬರಲ್ಲ" ಎಂದು ಎಷ್ಟೋ ಸಲ ಹೇಳಿದಳು. ಹೂವಮ್ಮ ಹೂಂ ಎನ್ನುತ್ತಿದ್ದಳು.

ಆದರೂ ಕೊನೆಯವರೆಗೂ ಬೆಳಗ್ಗೆ ಗೂಡಿನ ಬಾಗಿಲನ್ನು ಪೂರ್ತಿ ತೆರೆದವಳಲ್ಲ. ಒಂದೊಂದೇ ಕೋಳಿ ಹೊರಬರುವಾಗ ಬಗ್ಗಿ, ಕಣ್ಣು ಕಿರಿದು ಮಾಡಿ, ಅದರ ಕಾಲು ನೋಡುತ್ತಿದ್ದಳು. ದಾರವಿಲ್ಲವೆಂದು ಕಂಡ ಮೇಲೆಯೇ ಕಾಳು ಚೆಲ್ಲುತ್ತಿದ್ದಳು.