ಉದ್ಯಾವರದಲ್ಲಿ ಇಳಿಯುವ ಪಾಠ

ನಮ್ಮ ಕಡೆಯ ಜನರ ಉಪಕಾರ ಬುದ್ಧಿಯಿಂದ ನನಗೆ ಆಗಿರುವಷ್ಟು ತಲೆನೋವು ಬೇರೆ ಯಾವುದರಿಂದಲೂ ಆಗಿಲ್ಲ. ಹೀಗೆ ಹೇಳಿದರೆ ಮನೆಯಲ್ಲಿ ನಗುತ್ತಾರೆ. ನಗಲಿ. ಉದ್ಯಾವರದ ವಿಶೇಷ ಶಾಲೆಯಲ್ಲಿ ಪಾಠ ಮಾಡುವವಳ ಕಷ್ಟ ಅವರಿಗೇನು ಗೊತ್ತು?

ನನ್ನ ತರಗತಿಯಲ್ಲಿ ಒಬ್ಬೊಬ್ಬರದು ಒಂದೊಂದು ದಾರಿ. ಒಬ್ಬಳಿಗೆ ಗಂಟೆಯ ಸದ್ದು ಕೇಳಿದರೆ ಆಗುವುದಿಲ್ಲ, ಕಿವಿ ಮುಚ್ಚಿಕೊಂಡು ಮೇಜಿನಡಿ ಸೇರುತ್ತಾಳೆ. ಒಬ್ಬನ ಕಾಲಿಗೆ ಬಲವಿಲ್ಲ, ಬಾಯಿಗೆ ಮಾತ್ರ ಬಿಡುವೇ ಇಲ್ಲ. ಇನ್ನೊಬ್ಬ ಮಾತೇ ಆಡುವುದಿಲ್ಲ. ಹಸಿವಾದರೆ ನನ್ನ ಸೆರಗು ಹಿಡಿದು ಬುತ್ತಿ ಇಟ್ಟಲ್ಲಿಗೆ ಎಳೆದುಕೊಂಡು ಹೋಗುತ್ತಾನೆ. ಇವರಿಗೆಲ್ಲ ಒಂದೇ ಪಾಠ ಹೇಳಲು ಹೊರಟರೆ ಮುಗಿಯಿತು ಕಥೆ. ಅಂಗಿಯ ಗುಂಡಿ ಹಾಕುವುದನ್ನು ಕೂಡ ಸಣ್ಣ ಸಣ್ಣ ತುಂಡು ಮಾಡಿ ಕಲಿಸಬೇಕು. ಮೊದಲು ಕೈ ಹಿಡಿದು, ಆಮೇಲೆ ಬೆರಳು ಮುಟ್ಟಿ, ಆಮೇಲೆ ಬರೀ ಕಣ್ಣಿನ ಸನ್ನೆ, ಕೊನೆಗೆ ಅದೂ ಇಲ್ಲ. ಸಹಾಯ ಮಾಡುವುದು ಸುಲಭ. ಮಾಡದೆ ಸುಮ್ಮನೆ ಕೂರುವುದಿದೆಯಲ್ಲ, ನನ್ನಂಥ ಸಿಡುಕಿಗೆ ಅದನ್ನು ಕಲಿಯಲು ವರ್ಷಗಳೇ ಹಿಡಿದವು.

ಕಾಪುವಿನಿಂದ ಬರುವ ಒಬ್ಬಳು ಹುಡುಗಿ ಇದ್ದಾಳೆ. ಡೌನ್ ಸಿಂಡ್ರೋಮ್ ಇರುವವಳು, ಹದಿನೆಂಟು ದಾಟಿದೆ. ಮಲ್ಲಿಗೆ ಕಟ್ಟುವುದರಲ್ಲಿ ನನಗಿಂತ ಚುರುಕು. ಅವಳ ಅಮ್ಮ ದಿನಾ ಬಸ್ಸಿನಲ್ಲಿ ಕರೆತಂದು, ಶಾಲೆ ಬಿಡುವವರೆಗೂ ನಮ್ಮ ಜಗಲಿಯಲ್ಲೇ ಕುಳಿತು, ಮತ್ತೆ ಕರೆದುಕೊಂಡು ಹೋಗುತ್ತಿದ್ದರು. ಒಂದು ಮಧ್ಯಾಹ್ನ ಮಗಳು ಒಳಗೆ ಹೂ ಕಟ್ಟುತ್ತಿದ್ದಾಗ ಅವರು ನನ್ನನ್ನು ಬಾಗಿಲಿಗೆ ಕರೆದರು.

“ಮಣಿಪಾಲದ ಹಾಸ್ಟೆಲಿನ ಅಡುಗೆಮನೆಯಲ್ಲಿ ಕೆಲಸ ಉಂಟಂತೆ ಟೀಚರ್. ಬೆಳಕಾಗುವ ಮೊದಲೇ ಹೊರಡಬೇಕು. ಇವಳನ್ನು ಹೊರಡಿಸ್ಲಿಕ್ಕೆ ಅಜ್ಜಿ ಇದ್ದಾರೆ, ಆದ್ರೆ ಅವರಿಗೆ ಬಸ್ಸು ಹತ್ತಲಿಕ್ಕೆ ಆಗುದಿಲ್ಲ. ಸಂಜೆ ವಾಪಸ್ ಬರುವಾಗ ನಾನೇ ಕರ್ಕೊಂಡು ಹೋಗ್ತೇನೆ. ಬೆಳಿಗ್ಗೆ ಇವಳು ಒಬ್ಬಳೇ ಬರುದಾದ್ರೆ ಕೆಲಸ, ಇಲ್ಲದಿದ್ರೆ ಬೇಡ ಅಂತ ಹೇಳಿಬಿಡ್ತೇನೆ. ಶಾಲೆ ಬಿಡಿಸ್ಲಿಕ್ಕೆ ನನಗೆ ಮನಸ್ಸಿಲ್ಲ.”

ತಿಂಗಳ ಕೊನೆಯೊಳಗೆ ಉತ್ತರ ಕೊಡಬೇಕಿತ್ತು. ಕೈಯಲ್ಲಿದ್ದ ಛತ್ರಿಯ ಹಿಡಿಯನ್ನು ಅವರು ತಿರುಗಿಸುತ್ತಲೇ ಇದ್ದರು. ಆ ಕೆಲಸ ಅವರಿಗೆ ಎಷ್ಟು ಬೇಕಾಗಿದೆ ಎಂದು ನನಗೆ ಅರ್ಥವಾಯಿತು. ಮರುದಿನದಿಂದಲೇ ಕಾರ್ಕಳದ ನಮ್ಮ ಮನೆಯಿಂದ ಬೇಗ ಹೊರಟು, ಶಿರ್ವದ ಮೇಲೆ ಸುತ್ತಿ ಕಾಪುವಿಗೆ ಹೋಗತೊಡಗಿದೆ.

ಅವಳಿಗೆ ಬೋರ್ಡು ಓದಲು ಬರುವುದಿಲ್ಲ. ಆ ಹೊತ್ತಿಗೆ ಬರುವುದು ಒಂದು ನೀಲಿ ಬಸ್ಸು. ನೀಲಿ ಬಸ್ಸು ಹತ್ತಬೇಕು, ಮುಂದೆ ಕೂರಬೇಕು, ಉದ್ಯಾವರದ ಪೆಟ್ರೋಲ್ ಬಂಕ್ ಕಂಡ ಕೂಡಲೇ ಏಳಬೇಕು. ಇಷ್ಟೇ ಪಾಠ. ನಾನು ಹಿಂದಿನ ಸೀಟಿನಲ್ಲಿ, ಗುರುತೇ ಇಲ್ಲದವಳ ಹಾಗೆ.

ಆದರೆ ಕಲಿಯಲು ಬಿಟ್ಟರಲ್ಲವೇ! ಬಂಕ್ ಕಾಣುವ ಮೊದಲೇ ಕಂಡಕ್ಟರು, “ಉದ್ಯಾವರ ಬಂತು ಮಗಾ, ಏಳು ಏಳು” ಎಂದು ಕೂಗುತ್ತಿದ್ದರು. ಮುಂದಿನ ಸೀಟಿನ ಹೆಂಗಸರಲ್ಲಿ ಒಬ್ಬರು ಚೀಲ ಎತ್ತಿ ಕೊಡುವುದು, ಒಬ್ಬರು ಕೈ ಹಿಡಿದು ಮೆಟ್ಟಿಲಿಗೆ ತರುವುದು. ಅವಳು ಮದುಮಗಳ ಹಾಗೆ ಇಳಿಯುತ್ತಿದ್ದಳು. ಒಂದು ವಾರ ಹಲ್ಲು ಕಚ್ಚಿ ಸಹಿಸಿದೆ. ಆಮೇಲೆ ಕಂಡಕ್ಟರನ್ನು ಹಿಡಿದುಕೊಂಡೆ.

“ನೀವು ಬಾಯಿ ಮುಚ್ಚಿಕೊಂಡಿದ್ರೆ ಅದೇ ದೊಡ್ಡ ಉಪಕಾರ.”

“ಅಯ್ಯೋ ಟೀಚರೇ, ಪಾಪದ ಮಗು, ಮುಂದೆ ಹೋಗಿಬಿಟ್ರೆ?”

“ಹೋಗ್ಲಿ. ನಾನು ಹಿಂದೆ ಇಲ್ವಾ?”

“ಎಂತ ಟೀಚರ್ ಮಾರಾಯ್ರೆ ಇವ್ರು, ಕಲ್ಲು ಮನಸ್ಸು!” ಎಂದು ಮುಂದಿನ ಸೀಟಿನ ಅಮ್ಮ ಒಬ್ಬರು ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

ಮರುದಿನ ಕಂಡಕ್ಟರು ಸೀಟಿಯನ್ನು ಹಲ್ಲಿನಲ್ಲಿ ಕಚ್ಚಿ, ಕಿಟಕಿಯ ಕಡೆ ಮುಖ ತಿರುಗಿಸಿ ನಿಂತರು. ಬಂಕ್ ಬಂತು, ಹೋಯಿತು. ಅವಳು ಯಾರಾದರೂ ಏಳಿಸುತ್ತಾರೆಂದು ಕಾಯುತ್ತಾ ಕೂತೇ ಇದ್ದಳು. ನಮ್ಮ ಸ್ಟಾಪು ದಾಟಿದ ಮೇಲೆ ಗಾಬರಿಯಿಂದ ನನ್ನ ಕಡೆ ತಿರುಗಿದಳು. ನಾನು ನೋಡಲಿಲ್ಲ. ಆಗ ಅವಳೇ ಎದ್ದು ನಿಂತು, “ನನಗೆ ಇಳೀಲಿಕ್ಕೆ ಉಂಟು!” ಎಂದು ಬಸ್ಸೇ ನಡುಗುವ ಹಾಗೆ ಕಿರುಚಿದಳು. ಮುಂದಿನ ಸ್ಟಾಪಿನಿಂದ ಇಬ್ಬರೂ ಬಿಸಿಲಿನಲ್ಲಿ ನಡೆದು ಬಂದೆವು. ದಾರಿಯುದ್ದಕ್ಕೂ ಅವಳು ನನ್ನ ಜೊತೆ ಮಾತು ಬಿಟ್ಟಿದ್ದಳು. ಆದರೆ ಅಂದಿನಿಂದ ಬಂಕ್ ಕಂಡದ್ದೇ ಎದ್ದು ನಿಲ್ಲತೊಡಗಿದಳು.

ಕೊನೆಗೆ ಅವಳೊಬ್ಬಳೇ ಬರುವ ದಿನ ಬಂತು. ಅಮ್ಮ ಮನೆಯಲ್ಲೇ ಇರಬೇಕು, ಬಸ್‌ಸ್ಟ್ಯಾಂಡಿಗೆ ಕಾಲಿಡಬಾರದು ಎಂದು ಅಪ್ಪಣೆ ಮಾಡಿದ್ದೆ. ನಾನು ಉದ್ಯಾವರದ ಸ್ಟಾಪಿನಲ್ಲಿ ಕಾದು ನಿಂತೆ. ಹೊತ್ತು ಮೀರಿತು, ನೀಲಿ ಬಸ್ಸು ಇಲ್ಲ. ಕಂಡಕ್ಟರಿಗೆ ಫೋನು ಮಾಡಿದೆ. ಹಿಂದಿನಿಂದ ವಾಲಗದ ಸದ್ದು.

“ಟೀಚರೇ, ನಮ್ದು ಇವತ್ತು ಮದುವೆ ಟ್ರಿಪ್ಪು. ನಿಮಗೆ ಹೇಳ್ಲಿಕ್ಕೆ ಮರೆತೇಹೋಯ್ತು ಮಾರಾಯ್ರೆ!”

ಎಂತ ಸಾವು! ಮದುವೆಯ ಕಾಲದಲ್ಲಿ ಇಲ್ಲಿನ ಬಸ್ಸುಗಳು ದಿಬ್ಬಣಕ್ಕೆ ಹೋಗುತ್ತವೆ, ಅಂದಿನ ಟ್ರಿಪ್ಪು ಕಟ್ ಆಗುತ್ತದೆ, ಜನ ಗೊಣಗಿಕೊಂಡು ಹಿಂದೆ ಬರುವ ಬಸ್ಸು ಹತ್ತುತ್ತಾರೆ. ಇದು ಊರಿಗೆಲ್ಲ ಗೊತ್ತಿರುವ ವಿಷಯ. ಆದರೆ ನಾನು ಅವಳಿಗೆ ಹೇಳಿಕೊಟ್ಟದ್ದು ನೀಲಿ ಒಂದೇ. ಬೇರೆ ಯಾವುದನ್ನೂ ಹತ್ತಬೇಡ ಎಂದು ಬಾಯಿಪಾಠ ಬೇರೆ ಮಾಡಿಸಿದ್ದೆ. ಹೇಳಿದ ಮಾತನ್ನು ಮೀರುವವಳಲ್ಲ ಅವಳು, ಸಂಜೆಯವರೆಗೂ ಅಲ್ಲೇ ನಿಂತಾಳು. ಅಮ್ಮನಿಗೆ ಫೋನು ಮಾಡಿದರೆ ಅವರು ಎದ್ದೂಬಿದ್ದೂ ಓಡುತ್ತಾರೆ, ಆಮೇಲೆ ಮಣಿಪಾಲದ ಮಾತು ಎತ್ತುವುದೇ ಇಲ್ಲ. ಮಾಡದಿದ್ದರೆ ಅಲ್ಲಿ ಹೆದ್ದಾರಿ. ಇನ್ನೊಂದು ಬಸ್ಸು ನೋಡಿ ಫೋನು ಮಾಡುತ್ತೇನೆ ಎಂದುಕೊಂಡೆ. ಅದು ನಿಲ್ಲದೇ ಹೋಯಿತು. ಹೆಸರು ಹುಡುಕಿ, ಇನ್ನೇನು ಒತ್ತಬೇಕು, ಅಷ್ಟರಲ್ಲಿ ಒಂದು ಕೆಂಪು ಬಸ್ಸು ಬಂದು ನಿಂತಿತು.

ಮುಂದಿನ ಬಾಗಿಲಿನಿಂದ ಇಳಿದಳು ಮಹಾರಾಯ್ತಿ. ಯಾರ ಕೈಯನ್ನೂ ಹಿಡಿದಿರಲಿಲ್ಲ.

“ನೀಲಿ ಬರ್ಲಿಲ್ಲ,” ಎಂದಳು. “ಕೇಳಿದೆ.”

“ಯಾರ ಹತ್ರ?”

“ಎಲ್ಲರ ಹತ್ರ. ಉದ್ಯಾವರ ಹೋಗ್ತದಾ, ಉದ್ಯಾವರ ಹೋಗ್ತದಾ ಅಂತ. ಒಂದು ನಿಲ್ಲುದಿಲ್ಲ ಹೇಳಿದ್ರು. ಅದು ಬೇಡ ಹೇಳಿದೆ.”

ಇದನ್ನು ನಾನು ಕಲಿಸಿರಲಿಲ್ಲ. ಕಾಪುವಿನಲ್ಲಿ ನಿಂತ ಜನ ಮಾಡುವುದನ್ನು ನೋಡಿ ಅವಳೇ ಕಲಿತದ್ದು. ನನಗೆ ಕಣ್ಣು ತುಂಬಿ ಬಂತು, ಖುಷಿಗೆ ಅವಳ ಬೆನ್ನಿಗೊಂದು ಗುದ್ದು ಕೊಟ್ಟೆ. ಅವಳಿಗೆ ಸಿಟ್ಟು ಬಂತು. “ನೀವು ಎಂತಕ್ಕೆ ಬಂದದ್ದು? ನಾನು ಒಬ್ಬಳೇ ಅಲ್ವಾ?” ಎಂದು ಗದರಿಸಿದಳು.

ಅಮ್ಮನಿಗೆ ಫೋನು ಮಾಡಿ, “ಬಂದಳು” ಎಂದೆ. ಆ ಕಡೆಯಿಂದ ಮೂಗು ಎಳೆಯುವ ಸದ್ದು ಕೇಳಿತು. ಅವಳು ನನ್ನ ಕೈಯಿಂದ ಫೋನು ಕಿತ್ತುಕೊಂಡು ತುಳುವಿನಲ್ಲಿ ಜೋರಾಗಿ ಹೇಳಿದಳು: “ಅಮ್ಮಾ, ನಾನು ಬಂದೆ. ನೀನು ಇನ್ನು ಮಣಿಪಾಲಕ್ಕೆ ಹೋಗು.”

ಅವಳಿಗೆ ಗಾಬರಿಯಾದೀತೆಂದು ಆ ಕೆಲಸದ ವಿಷಯವನ್ನು ನಾವಿಬ್ಬರೂ ಅವಳಿಗೆ ಹೇಳಿಯೇ ಇರಲಿಲ್ಲ.