ಗುಡಾರದ ಸೆರಗಿನ ಕಲ್ಲು

ನಮ್ಮ ಅತ್ತೆಗೆ ಎರಡು ಚೀಲಗಳ ಮೇಲೆ ಜೀವ. ಒಂದು ಜೋಳದ ಚೀಲ, ಇನ್ನೊಂದು ಕಲ್ಲಿನ ಚೀಲ. ಜೋಳದ ಚೀಲದ ಮೇಲೆ ಜೀವ ಇಡುವುದು ಯಾರಿಗಾದರೂ ತಿಳಿಯುತ್ತದೆ. ಕಲ್ಲಿನ ಚೀಲ ಕಂಡಾಗ, ಮದುವೆಯಾದ ಹೊಸತರಲ್ಲಿ, ನಾನು ಸೆರಗು ಬಾಯಿಗೊತ್ತಿಕೊಂಡು ನಕ್ಕಿದ್ದೆ. ಕುಣಿಕೋಣೂರಿನ ನಮ್ಮ ಮನೆಯ ಸುತ್ತ ಎಲ್ಲಿ ಕಾಲಿಟ್ಟರೂ ಕಲ್ಲೇ. ನಮ್ಮ ಹೊಲದಲ್ಲಿ ಬಿತ್ತಿದ್ದು ಬರದಿದ್ದರೂ ಬಿತ್ತದ ಕಲ್ಲು ತಪ್ಪದೆ ಬರುತ್ತದೆ ಎಂದು ಮಾವ ನಗಾಡುತ್ತಿದ್ದರು. ಅಂಥ ಊರಿನಿಂದ ಕಲ್ಲು ಆರಿಸಿ, ಗೋಣಿಚೀಲಕ್ಕೆ ತುಂಬಿ, ಕುದುರೆಯ ಮೇಲೆ ಹೇರಿಕೊಂಡು ಹೊರಡುವ ಹೆಂಗಸು ಇವರೊಬ್ಬರೇ ಇರಬೇಕು ಅಂದುಕೊಂಡೆ. ನನ್ನ ತವರು ಬಿಳೂರು. ಅಲ್ಲಿ ನಮ್ಮವರೂ ಕುರಿ ಸಾಕಿದವರೇ, ಆದರೆ ಬೆಳಿಗ್ಗೆ ಹೋದ ಹಿಂಡು ಸಂಜೆಗೆ ಮನೆಗೆ ಬರುತ್ತಿತ್ತು. ಗುಡಾರದ ಬಾಳು ನನಗೆ ಹೊಸದು.

ಇದು ಅರವತ್ತರ ದಶಕದ ಕೊನೆಯ ಮಾತು. ದೀಪಾವಳಿ ಮುಗಿದ ಕೂಡಲೇ ಗಂಡನ ಮನೆಯವರು ಕುರಿ ಹೊಡೆದುಕೊಂಡು ಹಳ್ಳದ ದಂಡೆಯ ಎರೆ ಹೊಲಗಳಿಗೆ ಇಳಿಯುತ್ತಿದ್ದರು. ರಾತ್ರಿ ಹೊಲದಲ್ಲಿ ಕುರಿ ತರುಬಿ ಮಲಗಿಸಿದರೆ ಹೊಲಕ್ಕೆ ಗೊಬ್ಬರ, ನಮಗೆ ಜೋಳ. ಜೂನಿನಲ್ಲಿ ಮಿರಗದ ಮಳೆ ಬೀಳುವವರೆಗೆ ಹೊಲದಿಂದ ಹೊಲಕ್ಕೆ ಹೋಗುತ್ತ ಇರುವುದು. ಮನೆಯೆಂದರೆ ಗುಡಾರ. ಎರಡು ಕವೆಗೋಲು, ಮೇಲೊಂದು ಅಡ್ಡಗಳ, ಅದರ ಮೇಲೆ ಗೋಣಿತಟ್ಟು ಮತ್ತು ಹಳೆಯ ಕಂಬಳಿ ಕೂಡಿಸಿ ಹೊಲಿದ ಹೊದಿಕೆ. ಹೊದಿಕೆ ನೆಲ ಮುಟ್ಟುವ ಅಂಚಿಗೆ ಅತ್ತೆ ಸೆರಗು ಅನ್ನುತ್ತಿದ್ದರು. ಅಡಗೆಗೆ ಉಪ್ಪು ಹಾಕಿದೆಯಾ ಎಂದು ಅವರು ಎಂದೂ ಕೇಳಿದವರಲ್ಲ, ಸೆರಗು ಒತ್ತಿದೆಯಾ ಎಂದು ಮಾತ್ರ ದಿನಾ ಕೇಳುತ್ತಿದ್ದರು. ಗಾಳಿ ಬಂದಾಗ ತೂರಿಕೋ ಎನ್ನುವುದು ರಾಶಿ ಮಾಡುವವರ ಮಾತು. ಗುಡಾರದವರು ಗಾಳಿ ಬಂದಾಗ ಒತ್ತಿಕೊಂಡು ಕೂಡಬೇಕು. ಸೆರಗಿನ ಕೆಳಗೆ ಒಮ್ಮೆ ಗಾಳಿ ನುಗ್ಗಿತೆಂದರೆ ಗೂಟ, ಹಗ್ಗ, ಗಂಡಸರು ಯಾವುದಕ್ಕೂ ಅದು ಬಗ್ಗುವುದಿಲ್ಲ.

ಎರೆ ಭೂಮಿಗೆ ಹೋದ ಮೇಲೆ ಕಲ್ಲಿನ ಚೀಲದ ಬೆಲೆ ನನಗೆ ತಿಳಿಯಿತು. ಅಲ್ಲಿ ಹುಡುಕಿದರೂ ಹಲ್ಲಿಗೆ ತಾಗುವಷ್ಟು ಕಲ್ಲಿಲ್ಲ. ಬೇಸಿಗೆಯಲ್ಲಿ ಕಾಲು ಹೋಗುವಂಥ ಬಿರುಕುಗಳು, ಅವುಗಳ ನಡುವೆ ಕರಿ ಮಣ್ಣು, ಅಷ್ಟೆ. ಹಾಗಾದರೆ ಚೀಲಕ್ಕೆ ಮಣ್ಣು ತುಂಬಿ ಒತ್ತಿದರಾಯಿತಲ್ಲ ಎಂದು ಜಾಣೆಯಂತೆ ಹೇಳಿದೆ. ಅತ್ತೆ ನನ್ನನ್ನು ನೋಡಿದ ಪರಿ, ನಾನು ಯಾರದೋ ಮನೆಯ ಒಲೆ ಕಿತ್ತು ತರೋಣ ಅಂದಂತಿತ್ತು. ಕುರಿಯವರು ಮಂದಿಯ ಹೊಲಕ್ಕೆ ಗೊಬ್ಬರ ಕೊಡಲು ಹೋಗುತ್ತಾರೆ, ಹೊಲದ ಮಣ್ಣಿಗೆ ಕೈ ಹಚ್ಚಬಾರದು ಎನ್ನುವುದು ಅವರ ಕಟ್ಟಳೆ. ಒಲೆಗೂ ಮೂರು ಕಲ್ಲು ಅದೇ ಚೀಲದಲ್ಲಿ ಬರುತ್ತಿದ್ದವು. ಗುಡಾರ ಕಿತ್ತಾಗ ಹೊದಿಕೆಯನ್ನು ಅಲ್ಲೇ ಝಾಡಿಸಿ, ಅಂಟಿದ ಹೆಂಟೆಯನ್ನು ಬೆರಳಿನಿಂದ ಕೆರೆದು ಅಲ್ಲೇ ಉದುರಿಸಿ, ಆಮೇಲೆ ಮಡಚುತ್ತಿದ್ದರು. ಕುರಿಯ ಕಾಲಿಗೆ ಅಂಟಿಕೊಂಡು ಹೋಗುವ ಮಣ್ಣಿನ ಗತಿಯೇನು ಎಂದು ಮಾವ ಒಮ್ಮೆ ಕೆಣಕಿದ್ದಕ್ಕೆ ಎರಡು ದಿನ ಅವರಿಗೆ ಚಟ್ನಿ ಸಿಕ್ಕಿರಲಿಲ್ಲ.

ಮಾವನಿಗೂ ಆ ಚೀಲಕ್ಕೂ ಹಾವು ಮುಂಗುಸಿ. ಪ್ರತಿ ಸಲ ಕುದುರೆ ಹೇರುವಾಗ, ಈ ಭಾರ ಹೊತ್ತು ಹೊತ್ತು ಕುದುರೆ ಕತ್ತೆಯಾಗಿದೆ ಎನ್ನುತ್ತಿದ್ದರು. ಹೆಂಡತಿಯ ಜೊತೆ ಒಳ್ಳೆಯ ಮಾತಾಡಿದರೆ ಮುಂಡಾಸದ ಬಣ್ಣ ಹೋಗುತ್ತದೆ ಎಂದು ತಿಳಿದಿದ್ದ ಜಾತಿಯ ಗಂಡಸು ಅವರು. ಅತ್ತೆಯೂ ಕಡಿಮೆಯಿಲ್ಲ, ಕಲ್ಲುಗಳಾದರೂ ಇಟ್ಟಲ್ಲಿ ಇರುತ್ತವೆ ಎಂದು ಕುದುರೆಗೆ ಹೇಳುವಂತೆ ಅವರಿಗೆ ಹೇಳುತ್ತಿದ್ದರು.

ನಾನು ಬಸುರಾದ ವರ್ಷ ಚೊಚ್ಚಲ ಬಾಣಂತನಕ್ಕೆ ತವರಿಗೆ ಹೋಗಬೇಕಿತ್ತು. ಆದರೆ ನನ್ನ ಅವ್ವ ಮದುವೆಗೆ ಮೊದಲೇ ತೀರಿಕೊಂಡಿದ್ದಳು. ಅತ್ತಿಗೆಯರು ಕರೆದರು, ಬಾಯಿತುದಿಯ ಕರೆ. ಅತ್ತೆ ಅದನ್ನು ಕೇಳಿಸಿಕೊಂಡು, ತವರು ಎಲ್ಲಿದೆಯೆಂದು ಹುಡುಕಬೇಡ, ನಾನು ಹೋದಲ್ಲಿ ನಿನ್ನ ತವರು ಬರುತ್ತದೆ ಎಂದರು. ಹಾಗೆ ಮಾಘದಲ್ಲಿ ವಳಸಂಗದ ಕಡೆಯ ಒಂದು ಹೊಲದಲ್ಲಿ, ಗುಡಾರದೊಳಗೆ ನನ್ನ ಮಗಳು ಹುಟ್ಟಿದಳು. ಅತ್ತೆ ಆಗ ಇದ್ದಬದ್ದ ಕಲ್ಲುಗಳನ್ನೆಲ್ಲ ಗಾಳಿಯ ಕಡೆಗೆ ಸಾಲಾಗಿ ಇಟ್ಟು, ಸೆರಗಿನ ಸಂದಿನಲ್ಲಿ ಕೈಯಾಡಿಸಿ ಗಾಳಿ ಬರುತ್ತದೆಯೋ ಎಂದು ನೋಡುತ್ತಿದ್ದರು. ಹೆತ್ತವ್ವ ಇದ್ದಿದ್ದರೂ ಅಷ್ಟು ಮಾಡುತ್ತಿದ್ದಳೋ ಇಲ್ಲವೋ. ಅಂದು ನನಗೆ ಅವರ ಮೇಲೆ ಹುಟ್ಟಿದ ಪ್ರೀತಿ ಇಂದಿಗೂ ಒಂದು ಗುಂಜಿ ಕಡಿಮೆಯಾಗಿಲ್ಲ.

ಯುಗಾದಿ ಕಳೆದ ಮೇಲೆ ಆ ಹೊಲ ಬಿಟ್ಟು ಮುಂದೆ ಹೋಗುವುದಾಯಿತು. ಹಸಿ ಮೈಯವಳು, ಕೂಸನ್ನು ಎತ್ತಿಕೊಂಡು ಅಷ್ಟು ದೂರ ನಡೆಯಬಾರದು, ಕುದುರೆಯ ಮೇಲೆ ಕೂಡಬೇಕು ಎಂದು ಅತ್ತೆಯೇ ಹೇಳಿದರು. ನಾನು ಕೂತ ಮೇಲೆ ಕುದುರೆಗೆ ಜೋಳ ಮತ್ತು ಹಾಸಿಗೆಯಷ್ಟೇ ಆದೀತು. ಅತ್ತೆ ಒಲೆಯ ಕಲ್ಲು ಮೂರನ್ನು ತಮ್ಮ ಬುಟ್ಟಿಗೆ ಹಾಕಿಕೊಂಡು, ಮಿಕ್ಕ ಚೀಲವನ್ನು ತಾವೇ ಎಳೆದುಕೊಂಡು ಹೋಗಿ ದಾರಿಯ ಜಾಲಿಗಿಡದ ಬುಡದಲ್ಲಿ ಇಟ್ಟರು. ತಿರುಗಿ ಬರುವಾಗ ಒಯ್ಯೋಣ ಎಂದರು.  ಮಾವ ಗೆದ್ದವರ ಹಾಗೆ ಮೀಸೆ ಸವರಿಕೊಂಡರು.

ಹೊಸ ಹೊಲ ಇಬ್ಬರು ಅಣ್ಣತಮ್ಮಂದಿರದು. ಹಿಂದಿನ ವರ್ಷ ಪಾಲಾಗಿ ಮಾತು ಬಿಟ್ಟಿದ್ದರು. ನಡುವೆ ಇನ್ನೂ ಬದು ಹಾಕಿರಲಿಲ್ಲ. ಆ ತುದಿಗೊಂದು ಬೇವಿನ ಗಿಡ, ಈ ತುದಿಗೆ ಹಿರಿಯರು ಕೂತು ಹುಗಿಸಿದ ಒಂದು ಬಾಂದುಗಲ್ಲು, ಅವೆರಡರ ನಡುವಿನ ಗೆರೆಯೇ ಗಡಿ. ಅಣ್ಣನ ಪಾಲಿನಲ್ಲಿ ಗುಡಾರ ಹಾಕಿದೆವು. ಅವನ ಹೆಂಡತಿ ಮಜ್ಜಿಗೆ ತಂದುಕೊಟ್ಟು, ಎಲ್ಲಿ ಬೇಕಾದರೂ ಇರಿ, ಆದರೆ ಆ ಕಲ್ಲಿಗೆ ಒಂದು ಕುರಿಯೂ ಮೈ ತಿಕ್ಕಬಾರದು, ಅದು ಬೊಟ್ಟಿನಷ್ಟು ಸರಿದರೆ ಇಲ್ಲಿ ಹೆಣ ಬೀಳುತ್ತದೆ ಎಂದು ಹೇಳಿ ಹೋದಳು. ಅತ್ತೆ ಅಂದಿನಿಂದ ಆ ಕಲ್ಲಿನ ಹತ್ತಿರ ಹೋಗುವ ಕುರಿಯನ್ನು ಮಾತ್ರವಲ್ಲ, ಮಾವನನ್ನೂ ಗದರಿಸುತ್ತಿದ್ದರು.

ಸೆರಗು ಒತ್ತುವ ಕಲ್ಲು ಈಗ ಜೊತೆಗಿಲ್ಲ. ಮಾವ ಸುತ್ತಲೂ ಗೂಟ ಬಡಿದರು. ಬಿರುಕು ಬಿಟ್ಟ ಎರೆ ಮಣ್ಣಿನಲ್ಲಿ ಗೂಟವೆಂದರೆ ಮುದುಕನ ಹಲ್ಲು. ಅತ್ತೆ ಜೋಳದ ಚೀಲ, ನೀರಿನ ಕೊಡ, ಒಲೆಯ ಮೂರು ಕಲ್ಲು ಎಲ್ಲವನ್ನೂ ಸೆರಗಿನ ಮೇಲೆ ಸಾಲಾಗಿ ಇಟ್ಟರು. ಅಡಗೆ ಮಾಡಬೇಕಾದರೆ ಮೊದಲು ಮನೆ ಕೆಡವಬೇಕಾದ ಪರಿಸ್ಥಿತಿ. ಆದರೂ ಹೇಗೋ ದಿನ ಹೋದವು.

ಒಂದು ಮಧ್ಯಾಹ್ನ ಬೆಂಕಿಯಂಥ ಸೆಕೆ. ಮಾವ ಮತ್ತು ನನ್ನ ಗಂಡ ಕುರಿ ಹೊಡೆದುಕೊಂಡು ಹಳ್ಳದ ಆಚೆ ಹೋಗಿದ್ದರು. ಗುಡಾರದಲ್ಲಿ ನಾನು, ಅತ್ತೆ, ಕೂಸು, ಬುಟ್ಟಿಯ ಕೆಳಗೆ ಮುಚ್ಚಿಟ್ಟ ನಾಲ್ಕು ಕುರಿಮರಿ. ಮೂಡಣದಲ್ಲಿ ಮೋಡ ಕಪ್ಪಿಟ್ಟಿತು. ಧೂಳಿನ ಗೋಡೆಯೊಂದು ಹೊಲ ದಾಟಿ ಬಂತು. ಅದರ ಹಿಂದೆಯೇ ಪಟಪಟನೆ ಆಲಿಕಲ್ಲು, ನಾವು ಆಣೆಕಲ್ಲು ಅನ್ನುವುದು. ಮೊದಲು ಕಡಲೆಯಷ್ಟು, ಆಮೇಲೆ ಲಿಂಬೆಕಾಯಿಯಷ್ಟು. ಊರು ದೂರ, ಸುತ್ತ ಒಂದು ಮರೆಯಿಲ್ಲ. ಗಾಳಿಯ ಕಡೆಯ ಗೂಟಗಳು ಒಂದೊಂದಾಗಿ ಕಿತ್ತವು, ಕೊಡ ಉರುಳಿತು, ಸೆರಗು ಮೇಲೆದ್ದು ಬಡಿಯತೊಡಗಿತು. ನಾನು ಕೂಸನ್ನು ಎದೆಗೆ ಒತ್ತಿಕೊಂಡು ಒಂದು ಮೂಲೆಯ ಮೇಲೆ ಕೂತೆ. ಇನ್ನೊಂದು ಮೂಲೆಯ ಮೇಲೆ ಅತ್ತೆ ಕೂತರು. ನಡುವಿನ ಸೆರಗನ್ನು ಗಾಳಿ ನಮ್ಮಿಬ್ಬರನ್ನೂ ಸೇರಿಸಿ ಎತ್ತುತ್ತಿತ್ತು. ಹೊದಿಕೆ ಹಾರಿದರೆ ಎರಡು ತಿಂಗಳ ಕೂಸಿನ ತಲೆಯ ಮೇಲೆ ಆ ಆಣೆಕಲ್ಲು ಬೀಳುತ್ತವೆ. 

ಅತ್ತೆ ಎದ್ದರು. ಜೋಳದ ಚೀಲವನ್ನು ತಾವು ಕೂತಲ್ಲಿಗೆ ಎಳೆದಿಟ್ಟು, ಕಂಬಳಿಯ ಕೊಪ್ಪೆ ತಲೆಗೆ ಹಾಕಿಕೊಂಡು, ಗೂಟದ ಕುಣಿ ತೋಡುವ ಹಾರೆ ಹಿಡಿದು ಹೊರಗೆ ಹೋದರು. ಎಲ್ಲಿಗೆಂದು ನನಗೆ ತಿಳಿಯಲಿಲ್ಲ. ಸ್ವಲ್ಪ ಹೊತ್ತಿಗೆ ಹೊರಗಿನಿಂದ ಸೆರಗಿನ ನಟ್ಟನಡುವೆ ಏನೋ ಭಾರ ಬಂದು ಬಿತ್ತು. ಬಡಿಯುತ್ತಿದ್ದ ಹೊದಿಕೆ ಗಪ್ಪಾಯಿತು. ಸಂದಿನಿಂದ ನೋಡಿದರೆ ಬಾಂದುಗಲ್ಲು.

ಮಂದಿಯ ಹೊಲದ ಹೆಂಟೆ ಮುಟ್ಟದ ಹೆಂಗಸು ಮಂದಿಯ ಗಡಿಯನ್ನೇ ಕಿತ್ತು ತಂದಿದ್ದರು.  ಅತ್ತೆ ಒಳಗೆ ಬರುತ್ತಾರೆಂದು ಕಾದೆ. ಬರಲಿಲ್ಲ. ಕೂಗಿದೆ, ಆಣೆಕಲ್ಲಿನ ಸದ್ದಿನಲ್ಲಿ ನನ್ನ ದನಿ ನನಗೇ ಕೇಳಲಿಲ್ಲ. ಸದ್ದು ತುಸು ಇಳಿದ ಮೇಲೆ ಸೆರಗೆತ್ತಿ ನೋಡಿದೆ. ತುಸು ದೂರದಲ್ಲಿ, ಕಲ್ಲು ಇದ್ದ ಜಾಗದಲ್ಲಿ, ಕೊಪ್ಪೆ ಹಾಕಿಕೊಂಡು ಅತ್ತೆ ಅಲುಗದೆ ನಿಂತಿದ್ದರು. ಸುತ್ತಲೂ ಹೊಲ ಬೆಳ್ಳಗಾಗಿತ್ತು. ನಾನು ಅಳುತ್ತ ಕರೆದೆ.

"ಅತ್ತಿ, ಒಳಗ ಬರ್ರಿ."

"ಬರಾಕ ಆಗೂದಿಲ್ಲ ಮಗಳ. ಕಲ್ಲಿನ ಕುಣಿಯಾಗ ನಿಂತೀನಿ. ನಾ ಸರಿದ್ರ ನೀರ ತುಂಬಿ ಕುಣಿ ಮುಚ್ಚತೈತಿ, ಆಮ್ಯಾಲ ಗಡಿ ಎಲ್ಲಿತ್ತಂತ ಯಾರ ಹೇಳಬೇಕು? ಕೂಸು ಬೆಚ್ಚಗ ಐತಿಲ್ಲೊ, ಅದನ್ನ ಹೇಳು."

ಬೆಚ್ಚಗಿದೆ ಎಂದೆ. ಮತ್ತೆ ಮಳೆ ಸುರಿಯಿತು. ಅವರು ನಿಂತೇ ಇದ್ದರು.

ಮಳೆ ನಿಂತಾಗ ಮಾವ ಮತ್ತು ನನ್ನ ಗಂಡ ಓಡಿಬಂದರು. ಅದೇ ಹೊತ್ತಿಗೆ ಅಣ್ಣತಮ್ಮಂದಿರೂ ಬಂದರು, ಬೇರೆ ಬೇರೆ ದಾರಿಯಿಂದ, ಇಬ್ಬರೂ ನೋಡಲು ಬಂದದ್ದು ಮಾತ್ರ ಒಂದನ್ನೇ. ಕಲ್ಲಿರಬೇಕಾದಲ್ಲಿ ಮೀನಖಂಡದವರೆಗೆ ಕೆಸರಿನಲ್ಲಿ ಹೂತು ಹೋದ ಮುದುಕಿ. ಅತ್ತೆಯ ತುಟಿ ನೀಲಿಯಾಗಿತ್ತು, ದನಿ ನಡುಗುತ್ತಿತ್ತು, ಆದರೆ ಮಾತು ನಡುಗಲಿಲ್ಲ.

"ಮಾಲಕರ, ನಿಮ್ಮ ಕಲ್ಲ ನಮ್ಮ ಕೂಸಿನ ಗುಡಾರದ ಮ್ಯಾಲ ಐತ್ರಿ. ಜಾಗಾ ತಪ್ಪಿಲ್ಲ. ನೀವ ಇಬ್ಬರೂ ತಂದು ನನ್ನ ಕಾಲಾಗ ಹುಗೀರಿ, ಆಮ್ಯಾಲ ನಾ ಸರೀತೀನಿ."

ತಮ್ಮ ಬೇವಿನ ಗಿಡದ ಕಡೆಗೊಮ್ಮೆ ನೋಡಿ ಗೆರೆ ಅಳೆದ. ಅಣ್ಣನೂ ಅಳೆದ. ಆಮೇಲೆ ಗುಡಾರದ ಹತ್ತಿರ ಬಂದು, ಸಂದಿನಿಂದ ಕೂಸಿನ ಮುಖ ನೋಡಿ, ಇಬ್ಬರೂ ಕಲ್ಲಿಗೆ ಕೈ ಹಾಕಿದರು. ಅಂಥ ಕಲ್ಲನ್ನು ಅತ್ತೆ ಒಬ್ಬರೇ ಹೇಗೆ ಉರುಳಿಸಿದರೋ ದೇವರಿಗೇ ಗೊತ್ತು. ಅಣ್ಣತಮ್ಮಂದಿರು ಅಂದೇ ಒಂದಾದರು ಎಂದು ಹೇಳಿದರೆ ಸುಳ್ಳಾಗುತ್ತದೆ. ಮುದುಕಿಗೆ ಬಿಸಿನೀರು ಯಾರ ಮನೆಯಿಂದ ಬರಬೇಕು ಎಂಬುದಕ್ಕೂ ಜಗಳಾಡಿದರು. ಕೊನೆಗೆ ನೀರು ಅಣ್ಣನ ಮನೆಯಿಂದ ಬಂತು, ರೊಟ್ಟಿ ತಮ್ಮನ ಮನೆಯಿಂದ. ಅತ್ತೆ ಎರಡನ್ನೂ ಸಮನಾಗಿ ಹೊಗಳಿದರು.

ಅತ್ತೆಗೆ ಚಳಿಜ್ವರ ಬಂತು. ಕಾಲು ಬಾತು ನೆಲಕ್ಕೂರಲು ಆಗದಂತಾಯಿತು. ರಾತ್ರಿ ಮಾವ ಒಲೆಯ ಮುಂದೆ ಕೂತು ಅವರ ಪಾದಕ್ಕೆ ಎಣ್ಣೆ ತಿಕ್ಕಿದರು. ಬೆಳಗಾದಾಗ ಮಾವ ಇರಲಿಲ್ಲ. ಕುದುರೆ ಕಟ್ಟಿದಲ್ಲೇ ಇತ್ತು. ಕುರಿ ಬಿಡುವ ಹೊತ್ತಾದರೂ ಬರಲಿಲ್ಲ. ಮಳೆಯಾದ ಎರೆ ಮಣ್ಣಿನಲ್ಲಿ ಒಂದು ಹೆಜ್ಜೆಗೆ ಒಂದು ಸೇರು ಮಣ್ಣು ಕಾಲಿಗೆ ಅಂಟುತ್ತದೆ, ಅಂಥದರಲ್ಲಿ ಮುದುಕ ಎಲ್ಲಿ ಹೋದ ಎಂದು ಅತ್ತೆ ಮಲಗಿದಲ್ಲಿಂದಲೇ ಬೈಯತೊಡಗಿದರು.

ಮಾವ ಬಂದದ್ದು ಇಳಿಹೊತ್ತಿಗೆ. ಹೆಗಲ ಮೇಲೆ ಜಾಲಿಗಿಡದ ಬುಡದ ಆ ಚೀಲ. ಕುದುರೆ ಯಾಕೆ ಒಯ್ಯಲಿಲ್ಲ ಎಂದು ನನ್ನ ಗಂಡ ಕೇಳಿದ್ದಕ್ಕೆ, ಕೆಸರಿನಲ್ಲಿ ಅದರ ಕಾಲು ಮುರಿದರೆ ಏನು ಗತಿ ಎಂದರು. ಚೀಲ ಬಿಚ್ಚಿ, ಗುಡಾರದ ಸುತ್ತ ನಡೆದು, ಸೆರಗಿನ ಮೇಲೆ ಒಂದೊಂದೇ ಕಲ್ಲು ಇಟ್ಟರು. ಅತ್ತೆ ಒಳಗಿನಿಂದ ಆ ಸದ್ದು ಕೇಳುತ್ತ ಮಲಗಿದ್ದರು.

"ಎಲ್ಲಾ ಅದಾವೇನು?" ಎಂದು ಕೇಳಿದರು.

ಮಾವ ಕೊನೆಯ ಕಲ್ಲು ಇಟ್ಟು, ಅದನ್ನು ಕೈಯಿಂದ ಒಮ್ಮೆ ಅಲುಗಿಸಿ ನೋಡಿ, ಹೊರಗಿನಿಂದಲೇ ಹೇಳಿದರು.

"ಅದಾವ. ಇನ್ನ ನೀ ಕಲ್ಲಾಗಿ ನಿಂದ್ರೂದ ಬ್ಯಾಡ."