ಹಿಂದೆ ನಿಂತವನ ಗೋಲು

ಕ್ಷೌರದಂಗಡಿಯಲ್ಲಿ ಕುತ್ತಿಗೆಗೆ ಬಿಳಿ ಬಟ್ಟೆ ಸುತ್ತಿಸಿಕೊಂಡು ಕೂತವನಿಗೆ ಪ್ರಶ್ನೆ ಕೇಳುವವರಿಂದ ಪಾರಾಗುವ ದಾರಿಯಿಲ್ಲವೆಂಬ ಸತ್ಯ ನಿಮಗೂ ಅನುಭವಕ್ಕೆ ಬಂದಿರಬೇಕು. ಕುಮಟೆಯಲ್ಲಿ ನಾನು ತಿಂಗಳಿಗೊಮ್ಮೆ ತಲೆಯೊಪ್ಪಿಸುವ ಅಂಗಡಿಯವರು, ‘ಇವರು ದೇಶಕ್ಕೆ ಫುಟ್‌ಬಾಲ್ ಆಡಿದವರು’ ಎಂದು ಪಕ್ಕದ ಕುರ್ಚಿಗೆ ನನ್ನ ಪರಿಚಯ ಮಾಡಿಕೊಡುತ್ತಾರೆ. ಪಕ್ಕದ ಕುರ್ಚಿ ಅರ್ಧ ಸೋಪು ಮೆತ್ತಿದ ಮುಖವನ್ನು ನನ್ನತ್ತ ತಿರುಗಿಸಿ, ಭಕ್ತಿಪೂರ್ವಕವಾಗಿ, “ಎಷ್ಟು ಗೋಲು ಹೊಡ್ದಿದ್ರಿ?” ಎನ್ನುತ್ತದೆ. ಒಂದು, ಎನ್ನುತ್ತೇನೆ. ಭಕ್ತಿ ಅಲ್ಲಿಗೆ ಇಳಿಯುತ್ತದೆ. ಅದನ್ನೂ ಹೊಡೆದದ್ದು ನಮ್ಮದೇ ಗೋಲಿಗೆ ಎಂಬ ಉಳಿದರ್ಧ ಸತ್ಯವನ್ನು, ಕತ್ತರಿ ಕಿವಿಯ ಬಳಿಯಿರುವಾಗ ಹೇಳುವುದು ಕ್ಷೇಮವಲ್ಲವೆಂದು ಸುಮ್ಮನಾಗುತ್ತೇನೆ.

ನಾನು ಡಿಫೆಂಡರ್. ಅಂದರೆ ಹಿಂದೆ ನಿಂತು, ಎದುರಾಳಿಯ ಚೆಂಡು ನಮ್ಮ ಗೋಲಿಗೆ ನುಗ್ಗದಂತೆ ಕಾಯುವ ಪ್ರಾಣಿ. ಭಟ್ಕಳದ ಹೈಸ್ಕೂಲಿನಲ್ಲಿ ಆಟಕ್ಕೆ ಒಬ್ಬ ಕಡಿಮೆ ಬಿದ್ದ ದಿನ ನನ್ನ ನವಾಯತ ಮುಸ್ಲಿಂ ಸಹಪಾಠಿಗಳು, ಮುರ್ಡೇಶ್ವರದ ಪಕ್ಕದ ಮಾವಳ್ಳಿಯ ಮೀನುಗಾರರ ಮನೆಯ ಈ ನೀಳಕಾಯವನ್ನು ಹಿಡಿದು ಹಿಂದೆ ನಿಲ್ಲಿಸಿದರು. ಬರಿಗಾಲೆಂದು ಕಂಡು, ಕೇಳುವ ಮೊದಲೇ, ತಮ್ಮಲ್ಲೊಬ್ಬನ ಅಣ್ಣನಿಗೆ ದುಬೈಯಿಂದ ಬಂದ ಬೂಟನ್ನೂ ತಂದುಕೊಟ್ಟರು. ಅಂದು ನಿಂತ ಆ ಜಾಗವೇ ನನ್ನನ್ನು ಗೋವೆ, ಕೋಲ್ಕತ್ತಾದ ಕ್ಲಬ್ಬುಗಳಿಗೂ ಕೊನೆಗೆ ದೇಶದ ಅಂಗಿಯವರೆಗೂ ಕರೆದೊಯ್ದಿತು. ಆ ಹುಡುಗರ ಋಣ ನನ್ನ ಮೇಲೆ ಇಂದಿಗೂ ಇದೆ. ಕೀರ್ತಿಯ ಮಾತು ಬೇರೆ: ಪತ್ರಿಕೆಗಳಲ್ಲಿ ಅಚ್ಚಾದ ನನ್ನ ಚಿತ್ರಗಳಲ್ಲಿ ಗೋಲು ಹೊಡೆದವನ ಮುಖ ಪೂರ್ತಿ ಇರುತ್ತಿತ್ತು, ನನ್ನದು ಮೊಣಕೈ ಮಾತ್ರ.

ಆ ಏಕೈಕ ಗೋಲಿನ ಪ್ರಸಂಗ ನಡೆದದ್ದು ಗೋವೆಯ ಮೈದಾನದಲ್ಲಿ, ಎಲ್ಲರ ಮೊಬೈಲಿಗೂ ಇಂಟರ್ನೆಟ್ ಬರುವ ಮೊದಲು. ಆಟ ಮುಗಿಯಲು ಕೆಲವೇ ನಿಮಿಷಗಳಿದ್ದಾಗ ಎದುರಾಳಿ ಒದ್ದ ಚೆಂಡನ್ನು ತಲೆಯಿಂದ ಹೊರಗಟ್ಟಲು ಹೋದೆ. ಚೆಂಡು ನನ್ನ ತಲೆಗೆ ತಾಗಿ ನಮ್ಮ ಬಲೆಯೊಳಗೇ ಹೋಗಿ ಬಿತ್ತು. ಅದೊಂದರಿಂದಲೇ ದೇಶ ಸೋತಿತು. ಅಂದು ನನ್ನೊಳಗಿನ ಧೈರ್ಯವೆಲ್ಲ ಉಡುಗಿಹೋಯಿತು. ಮರುದಿನ ಊರಿನ ರೈಲು ಹತ್ತಿದವನು ಒಂದೇ ನಿಶ್ಚಯ ಮಾಡಿಕೊಂಡಿದ್ದೆ: ಇನ್ನು ಚೆಂಡು ಸಾಕು, ಅಪ್ಪನ ದೋಣಿಯೇ ಗತಿ. ಕುಮಟೆ ಕಳೆಯಿತು, ಹೊನ್ನಾವರದಲ್ಲಿ ಶರಾವತಿಯ ಸೇತುವೆ ದಾಟಿತು. ಅಪ್ಪನಿಗೆ ಅದನ್ನು ಹೇಗೆ ಹೇಳಲಿ ಎಂದು ಮನಸ್ಸಿನಲ್ಲೇ ವಾಕ್ಯ ಕಟ್ಟುತ್ತ ಕೂತಿದ್ದೆ.

ಮುರ್ಡೇಶ್ವರದಲ್ಲಿ ಇಳಿದರೆ, ಪ್ಲಾಟ್‌ಫಾರ್ಮಿನ ತುಂಬ ನಮ್ಮ ಕೇರಿ! ದೋಣಿಯವರು, ಮೀನು ಮಾರುವ ಅಕ್ಕಂದಿರು, ಎಲ್ಲರ ಮುಂದೆ ಹೊಸ ಅಂಗಿ ತೊಟ್ಟ ಅಪ್ಪ. ನಾನು ಬಾಯಿ ತೆರೆಯುವಷ್ಟರಲ್ಲಿ ಕೊರಳಿಗೆ ಅಬ್ಬಲಿಗೆಯ ಹಾರ, ಬಾಯಿಗೆ ಪೇಡೆ. ಸಂಗತಿ ಇಷ್ಟು. ಕೇರಿಗೆಲ್ಲ ಟಿ.ವಿ. ತೋರಿಸುವ ದುರ್ಗಪ್ಪಣ್ಣನ ಮನೆಯಲ್ಲಿ ಎಲ್ಲರೂ ಆಟ ನೋಡುತ್ತಿದ್ದಾಗ, ನನ್ನ ತಲೆಗೆ ತಾಗಿದ ಚೆಂಡು ಬಲೆಗೆ ಬಿದ್ದಿದೆ, ಪರದೆಯ ಮೇಲೆ ನನ್ನ ಹೆಸರು ಬಂದಿದೆ, ಆ ಕ್ಷಣಕ್ಕೆ ಸರಿಯಾಗಿ ಕರೆಂಟು ಹೋಗಿದೆ. ಬಲೆಗೆ ಬಿದ್ದದ್ದನ್ನೆಲ್ಲ ಲಾಭವೆಂದೇ ತಿಳಿದ ಜನ. ಅದು ಯಾರ ಬಲೆ ಎಂಬ ಸಂಶಯ ಅವರಿಗೇಕೆ ಬರಬೇಕು? ಮರುದಿನದ ಪತ್ರಿಕೆಯಾದರೂ ಕೈಬಿಡಬಾರದಿತ್ತು. ಅದರಲ್ಲಿ ಕ್ರಿಕೆಟ್ಟಿಗೇ ಜಾಗ ಸಾಲದೆ ಫುಟ್‌ಬಾಲಿನ ಸುದ್ದಿಯೇ ಇರಲಿಲ್ಲ.

ಪೇಡೆಯನ್ನು ಬಾಯಿಂದ ಕೈಗೆ ತೆಗೆದೆ. “ಅಪ್ಪ, ಅದು ನಮ್ಮ ಗೋಲಿಗೇ ಹೋದದ್ದು. ನನ್ನಿಂದಲೇ ಸೋತದ್ದು” ಎಂದೆ. ನಾಚಿಕೆಯಿಂದ ನಾನು ಹಾರಕ್ಕೆ ಕೈಹಾಕಿದೆ.

“ತೆಗೀಬೇಡ” ಎಂದರು ಅಪ್ಪ. “ತೆಗೂಕೆ ಹಾಕಿದ್ದಲ್ಲ ಅದು. ಮನೆಗೆ ನಡಿ.”

ಹಾರ ಹಾಕಿಕೊಂಡೇ ಮನೆಯವರೆಗೆ ನಡೆದೆ. ಸೋತವನ ಹಿಂದೆ ಅಷ್ಟು ದೊಡ್ಡ ಮೆರವಣಿಗೆ ಬೇರೆಲ್ಲೂ ಹೊರಟಿರಲಾರದು. ಊಟಕ್ಕೆ ಕೂತಾಗ, ಇನ್ನು ಆಡುವುದಿಲ್ಲ, ದೋಣಿಗೆ ಬರುತ್ತೇನೆ ಎಂದೆ. ನಮ್ಮ ದೋಣಿಗಳಲ್ಲೊಂದು ಪದ್ಧತಿಯಿದೆ: ಯಾರ ಕೈಯಿಂದ ಬಲೆ ಜಾರಿ ಮೀನು ತಪ್ಪಿತೋ ಅವನನ್ನು ಬೈಯುವಷ್ಟು ಬೈದು, ಮರುದಿನ ಅದೇ ಬದಿಗೆ ಅವನನ್ನೇ ನಿಲ್ಲಿಸುತ್ತಾರೆ, ಬೇರೆಯವನನ್ನು ನಿಲ್ಲಿಸಿದರೆ ಜಾರಿದ ಕೈಗೆ ಹೆದರಿಕೆ ಕೂತುಬಿಡುತ್ತದೆಂದು. ಅಪ್ಪ ಮೀನಿನ ಮುಳ್ಳು ಬಿಡಿಸುತ್ತ, “ದೋಣಿಗೆ ಬಂದ್ರೂ ಜಾರಿದವಂಗೆ ಅದೇ ಬದಿ. ಚೆಂಡು ತಪ್ಪಿದ ಜಾಗದಲ್ಲೇ ಹೋಗಿ ನಿಲ್ಲು” ಎಂದರು. ಬೈಗುಳದ ಭಾಗವನ್ನು ಮಾತ್ರ ಯಾಕೋ ಅವರು ಬಿಟ್ಟುಬಿಟ್ಟರು. ನನಗೆ ಅಳು ಬಂತು, ಸಾರಿನ ಖಾರವೆಂದು ಹೇಳಿಕೊಂಡೆ.

ಹೋದೆ. ತರಬೇತುದಾರರು ದೊಡ್ಡ ಮನಸ್ಸಿನವರು, ಮತ್ತೆ ಅದೇ ಜಾಗದಲ್ಲಿ ನಿಲ್ಲಿಸಿದರು. ಮುಂದಿನ ಪಂದ್ಯ ಪರದೇಶದಲ್ಲಿ, ನಮಗಿಂತ ಬಲವಾದ ತಂಡದೊಂದಿಗೆ. ಕೊನೆಯ ಸೀಟಿಯವರೆಗೂ ಬಂದ ಚೆಂಡನ್ನೆಲ್ಲ ತಲೆ, ಎದೆ, ಮೊಣಕಾಲುಗಳಿಂದ ಹೊರಗಟ್ಟಿದೆ. ಸೊನ್ನೆಗೆ ಸೊನ್ನೆ. ಗೋಲಿಲ್ಲದ ಆಟವೆಂದು ಪ್ರೇಕ್ಷಕರು ಆಕಳಿಸುತ್ತ ಎದ್ದುಹೋದರು. ಕೋಣೆಗೆ ಬಂದವನೇ ಮನೆಗೆ ಫೋನು ಮಾಡಿದೆ. ಆ ಕಡೆಯ ಗದ್ದಲದಲ್ಲಿ ಅಪ್ಪನ ದನಿಯೇ ಕೇಳಿಸಲೊಲ್ಲದು.

“ಎಂತ ಸದ್ದು ಅಪ್ಪ ಅದು?”

“ಪಟಾಕಿ. ದುರ್ಗಪ್ಪ ಹೊಡಿಸ್ತಿದ್ದಾನೆ.”

ಮತ್ತೆ ಕರೆಂಟು ಹೋಯಿತೋ ಏನೋ. “ಎಂತಕ್ಕೆ ಪಟಾಕಿ? ಇವತ್ತು ಯಾರೂ ಗೋಲು ಹೊಡಿಲೇ ಇಲ್ಲಲ್ಲ!”

“ಅದಕ್ಕೇ ಮಾರಾಯಾ” ಎಂದರು ಅಪ್ಪ.